ಇ-ಸಿಗರೇಟು: ನಿಜ ಏನು, ಸುಳ್ಳು ಏನು?



ಈ ಸಲ ನಾವು ನಿಮ್ಮ ಮುಂದೆ ಇಡುತ್ತಿರುವುದು ಸ್ವಲ್ಪ ಹೊಸ ವಿಷಯ. ಇದರ ಹೆಸರು ಕೇಳಿದವರು ಕೆಲವರು, ಕಣ್ಣಾರೆ ಕಂಡವರು ಇನ್ನೂ ಕಡಿಮೆ. ಆದರೆ ಮಸೂತಿ, ಕೂಡಗಿ, ಗೊಳಸಂಗಿ ಕಡೆ ಇರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಇರಲಿ, ದುಡಿಯಲು ಪುಣೆ, ಗೋವಾ, ಬೆಂಗಳೂರಿಗೆ ಹೋದ ಮಕ್ಕಳಿರುವ ಮನೆಗೆ ಇದು ಯಾವತ್ತಾದರೂ ಬರಬಹುದು. ಆವಾಗ ತಾಯಂದಿರು ಕೇಳುವ ಪ್ರಶ್ನೆ ಇದು: "ಮಗನ ಕಿಸೆದಾಗ ಪೆನ್ನಿನಂಥಾದ್ದು ಒಂದು ಸಿಕ್ಕೈತ್ರಿ. ಕೇಳಿದ್ರ, ಇದು ಬರೇ ಉಗಿ ಬೇ ಯವ್ವಾ, ಇದರಾಗ ಏನೂ ಇಲ್ಲ ಅಂತಾನ. ಖರೇ ಏನ್ರೀ?"

ಆ ವಸ್ತುವಿನ ಹೆಸರು ಇ-ಸಿಗರೇಟು. ಹುಡುಗರ ಬಾಯಲ್ಲಿ ವೇಪ್. ಇದರ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಒಂದು, "ಇದು ಬರೇ ಉಗಿ, ಏನೂ ಆಗೂದಿಲ್ಲ." ಇನ್ನೊಂದು, "ಸರ್ಕಾರ ಇದನ್ನ ಬಂದ್ ಮಾಡೈತಿ, ಬೀಡಿ ಬಂದ್ ಮಾಡಿಲ್ಲ. ಅಂದಮ್ಯಾಲ ಬೀಡೀನ ಬೇಸಿ." ಈ ಎರಡೂ ಮಾತು ತಪ್ಪು. ಮೊದಲನೆಯದನ್ನು ನಂಬಿದರೆ ಮಕ್ಕಳು ಹೊಸ ಚಟಕ್ಕೆ ಬೀಳುತ್ತಾರೆ. ಎರಡನೆಯದನ್ನು ನಂಬಿದರೆ ದೊಡ್ಡವರು ಹಳೆಯ ಚಟ ಬಿಡುವುದೇ ಇಲ್ಲ. ಆದ್ದರಿಂದ ಒಂದೊಂದಾಗಿ ತಿಳಿದುಕೊಳ್ಳೋಣ.

ಇ-ಸಿಗರೇಟು ಎಂದರೆ ಏನು?

ಇದು ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಯಂತ್ರ. ನೋಡಲು ಪೆನ್ನಿನ ಹಾಗೆ, ಕೆಲವು ಪೆನ್ ಡ್ರೈವ್ ಹಾಗೆ, ಕೆಲವು ಬಣ್ಣಬಣ್ಣದ ಡಬ್ಬಿಯ ಹಾಗೆ ಇರುತ್ತವೆ. ಒಳಗೆ ಮೂರು ಮುಖ್ಯ ಭಾಗ: ಒಂದು ಬ್ಯಾಟರಿ, ಒಂದು ಸಣ್ಣ ತಂತಿಯ ಸುರುಳಿ, ಒಂದಿಷ್ಟು ದ್ರವ. ಬಾಯಿಗಿಟ್ಟು ಎಳೆದರೆ ಬ್ಯಾಟರಿಯಿಂದ ತಂತಿ ಕಾಯುತ್ತದೆ. ಕಾದ ತಂತಿ ದ್ರವವನ್ನು ಬಿಳಿ ಮಂಜಿನಂತೆ ಮಾಡುತ್ತದೆ. ಆ ಮಂಜನ್ನೇ ಎಳೆದು ಬಿಡುತ್ತಾರೆ. ಇದರಲ್ಲಿ ತಂಬಾಕಿನ ಎಲೆ ಇಲ್ಲ, ಬೆಂಕಿ ಇಲ್ಲ, ಬೂದಿ ಇಲ್ಲ.

ಈಗಿನ ಮಾದರಿಯ ಇ-ಸಿಗರೇಟನ್ನು 2003ರ ಸುಮಾರಿಗೆ ತಯಾರಿಸಿದವರು ಚೀನಾ ದೇಶದ ಹಾನ್ ಲಿಕ್ ಎಂಬ ಔಷಧ ತಜ್ಞರು. ಅವರೇ ಸಿಗರೇಟು ಸೇದುತ್ತಿದ್ದವರು. ಸಿಗರೇಟು ಬಿಡಲು ಒಂದು ದಾರಿ ಬೇಕು ಎಂಬ ವಿಚಾರದಿಂದ ಈ ವಸ್ತು ಹುಟ್ಟಿತು. ಆಮೇಲೆ ವ್ಯಾಪಾರದವರ ಕೈಗೆ ಹೋಯಿತು. ಮಾವು, ಸ್ಟ್ರಾಬೆರಿ, ಪುದೀನಾ, ಚಾಕಲೇಟು ಅಂತ ರುಚಿಗಳು ಸೇರಿದವು. ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 7,700ಕ್ಕೂ ಹೆಚ್ಚು ರುಚಿಗಳಲ್ಲಿ ಇದು ಸಿಗುತ್ತಿತ್ತು. ವಿಚಾರ ಮಾಡಿ ನೋಡ್ರಿ. ಮೂವತ್ತು ವರ್ಷ ಬೀಡಿ ಸೇದಿದ ಹಿರಿಯರಿಗೆ ಸ್ಟ್ರಾಬೆರಿ ರುಚಿ ಯಾಕ ಬೇಕು? ಅದು ಬೇಕಾಗುವುದು ಹೈಸ್ಕೂಲು, ಕಾಲೇಜಿನ ಮಕ್ಕಳಿಗೆ.

ಮೊದಲ ತಪ್ಪು ತಿಳುವಳಿಕೆ: "ಇದು ಬರೇ ಉಗಿ"

ಕೂಡಗಿಯ ವಿದ್ಯುತ್ ಸ್ಥಾವರ ನಿಮಗೆಲ್ಲ ಗೊತ್ತು. ಅಲ್ಲಿ ಎರಡು ಥರ ಬಿಳಿ ಮೇಲೇಳುತ್ತದೆ. ನೀರು ತಂಪು ಮಾಡುವ ಜಾಗದಿಂದ ಏಳುವುದು ನೀರಿನ ಉಗಿ. ಎತ್ತರದ ಚಿಮಣಿಯಿಂದ ಬರುವುದು ಕಲ್ಲಿದ್ದಲು ಸುಟ್ಟ ಹೊಗೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣಬಹುದು, ಆದರೆ ಒಳಗಿರುವುದು ಬೇರೆ ಬೇರೆ. ಬರೀ ಬಣ್ಣ ನೋಡಿ ಹೇಳಲು ಆಗುವುದಿಲ್ಲ.

ಇ-ಸಿಗರೇಟಿನಿಂದ ಬರುವುದು ನೀರಿನ ಉಗಿಯೂ ಅಲ್ಲ, ಸುಟ್ಟ ಹೊಗೆಯೂ ಅಲ್ಲ. ಅದು ಮೂರನೆಯದು. ಆ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎಂಬ ರಾಸಾಯನಿಕಗಳು, ರುಚಿಗೆ ಹಾಕಿದ ರಾಸಾಯನಿಕಗಳು ಇರುತ್ತವೆ. ಬಹುಪಾಲು ಇ-ಸಿಗರೇಟುಗಳಲ್ಲಿ ನಿಕೋಟಿನ್ ಕೂಡ ಇರುತ್ತದೆ. ಕಾದ ತಂತಿಯಿಂದ ನಿಕ್ಕಲ್, ಸೀಸದಂಥ ಲೋಹದ ಅಂಶಗಳು ಬರಬಹುದು. ದ್ರವ ಹೆಚ್ಚು ಕಾದರೆ ಫಾರ್ಮಾಲ್ಡಿಹೈಡ್ ಎಂಬ ಕೆಟ್ಟ ವಸ್ತುವೂ ಹುಟ್ಟುತ್ತದೆ. ಇದೆಲ್ಲ ಪುಪ್ಪುಸದ ಒಳಗೆ ಹೋಗುತ್ತದೆ.

ಮುಖ್ಯವಾದದ್ದು ನಿಕೋಟಿನ್. ತಂಬಾಕು, ಬೀಡಿ, ಗುಟಕಾ ಯಾವುದನ್ನೂ ಬಿಡಲು ಆಗದಂತೆ ಕಟ್ಟಿಹಾಕುವುದು ಇದೇ ನಿಕೋಟಿನ್. "ನಾಳೆಯಿಂದ ಬಿಡ್ತೀನಿ" ಎಂದವರು ನಾಳೆಯೂ ಅದನ್ನೇ ಹುಡುಕುವುದು ಇದರಿಂದಲೇ. ಮಿದುಳು ಬೆಳೆಯುವ ವಯಸ್ಸಿನ ಮಕ್ಕಳಿಗೆ ಇದು ಬೇಗ ಅಂಟುತ್ತದೆ. ಸುಮಾರು 25 ವರ್ಷದವರೆಗೂ ಮಿದುಳು ಬೆಳೆಯುತ್ತಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಗರ್ಭಿಣಿಯರ ಹೊಟ್ಟೆಯಲ್ಲಿರುವ ಕೂಸಿಗೂ ನಿಕೋಟಿನ್ ಒಳ್ಳೆಯದಲ್ಲ.

ಅಮೆರಿಕದಲ್ಲಿ ಏನಾಯಿತು ನೋಡಿ. 2019ರ ಸರ್ಕಾರಿ ಸಮೀಕ್ಷೆಯಲ್ಲಿ ಅಲ್ಲಿಯ ಹೈಸ್ಕೂಲು ಮಕ್ಕಳಲ್ಲಿ ನೂರಕ್ಕೆ 27 ಮಂದಿ ಹಿಂದಿನ ಒಂದು ತಿಂಗಳಲ್ಲಿ ಇ-ಸಿಗರೇಟು ಎಳೆದಿದ್ದೇವೆ ಎಂದು ಹೇಳಿದರು. ಅವರಲ್ಲಿ ಸಿಗರೇಟು ಸೇದದೇ ಇದ್ದ ಮಕ್ಕಳೂ ಬಹಳ ಇದ್ದರು. ಸಿಗರೇಟು ಬಿಡಿಸಲು ಬಂದದ್ದು ಹೊಸಬರನ್ನು ಹಿಡಿಯಿತು. ಆದ್ದರಿಂದ "ಬರೇ ಉಗಿ" ಎಂಬ ಮಾತನ್ನು ನಂಬಬೇಡಿ.

ಎರಡನೆಯ ತಪ್ಪು ತಿಳುವಳಿಕೆ: "ಬೀಡಿಗಿಂತಾ ಇದು ಕೆಟ್ಟದ್ದು"

ಅದೇ 2019ರಲ್ಲಿ ಅಮೆರಿಕದಿಂದ ಇನ್ನೊಂದು ಸುದ್ದಿ ಬಂತು. ಇ-ಸಿಗರೇಟು ಎಳೆದ ಹುಡುಗರು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುತ್ತಿದ್ದಾರೆ, ಸಾಯುತ್ತಿದ್ದಾರೆ ಎಂದು. 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಹೀಗೆ ಕಾಯಿಲೆ ಬಿದ್ದಿದ್ದರು, 68 ಮಂದಿ ಸತ್ತಿದ್ದರು. ಪತ್ರಿಕೆ, ಟಿ.ವಿ.ಯಲ್ಲಿ ಈ ಸುದ್ದಿ ನೋಡಿದವರು "ಇದು ಸಿಗರೇಟಿಗಿಂತ ಭಯಂಕರ" ಎಂದು ತಿಳಿದರು. ತನಿಖೆ ಮಾಡಿದಾಗ ತಿಳಿದದ್ದೇ ಬೇರೆ. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಕಳ್ಳದಾರಿಯಲ್ಲಿ ಮಾರುವ ಗಾಂಜಾ ಎಣ್ಣೆಯನ್ನು ಆ ಯಂತ್ರದಲ್ಲಿ ಹಾಕಿ ಎಳೆದಿದ್ದರು. ಆ ಎಣ್ಣೆಗೆ ಬೆರಕೆ ಮಾಡಿದ್ದ ವಿಟಮಿನ್ ಇ ಅಸಿಟೇಟ್ ಎಂಬ ವಸ್ತುವೇ ಮುಖ್ಯ ಕಾರಣ ಎಂದು ಅಲ್ಲಿಯ ಆರೋಗ್ಯ ಇಲಾಖೆ ಹೇಳಿತು.

ಸಾವು ಸುಳ್ಳಲ್ಲ. ಆದರೆ ಅದರಿಂದ "ಬೀಡಿ ಸುರಕ್ಷಿತ" ಎಂಬ ತೀರ್ಮಾನಕ್ಕೆ ಬಂದರೆ ಅದು ದೊಡ್ಡ ತಪ್ಪು.

ಬೀಡಿ, ಸಿಗರೇಟಿನಲ್ಲಿ ಹೆಚ್ಚು ಹಾನಿ ಮಾಡುವುದು ಸುಡುವುದರಿಂದ ಬರುವ ಹೊಗೆ. ಎಲೆ ಸುಟ್ಟಾಗ ಟಾರು, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಬೀಡಿ ಚಿಕ್ಕದು, ಎಲೆಯಲ್ಲಿ ಸುತ್ತಿದ್ದು, ಹಿರಿಯರು ಸೇದಿದ್ದು ಎಂದು ನಾವು ಅದನ್ನು ಹಗುರ ಮಾಡುತ್ತೇವೆ. ಆದರೆ ಬೀಡಿ ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಹೀಗಾಗಿ ಒಂದು ಬೀಡಿಯಿಂದ ಒಂದು ಸಿಗರೇಟಿನಷ್ಟೇ, ಕೆಲವು ಸಲ ಅದಕ್ಕಿಂತ ಹೆಚ್ಚು ವಿಷ ಒಳಗೆ ಹೋಗುತ್ತದೆ.

ಇ-ಸಿಗರೇಟಿನಲ್ಲಿ ಸುಡುವುದು ಇಲ್ಲ. ಅದಕ್ಕೇ ಬಹಳ ವಿಷಗಳು ಅದರಲ್ಲಿ ಇಲ್ಲ, ಇದ್ದರೂ ಕಡಿಮೆ. ಇದು ವಿಜ್ಞಾನಿಗಳು ಒಪ್ಪುವ ಮಾತು. ಆದರೆ "ಕಡಿಮೆ ಹಾನಿ" ಎಂದರೆ "ಹಾನಿ ಇಲ್ಲ" ಎಂದು ಅರ್ಥ ಅಲ್ಲ. ಎರಡನೇ ಮಾಳಿಗೆಯಿಂದ ಬೀಳುವುದಕ್ಕಿಂತ ಕಟ್ಟೆಯಿಂದ ಬೀಳುವುದು ಕಡಿಮೆ ಪೆಟ್ಟು. ಹಾಗಂತ ಕಟ್ಟೆ ಮೇಲಿಂದ ಯಾರೂ ಬೇಕಂತ ಬೀಳೂದಿಲ್ಲ. ಅಲ್ಲದೆ ಇ-ಸಿಗರೇಟು ಬಂದು ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ. ನಲವತ್ತು ವರ್ಷ ಎಳೆದರೆ ಏನಾಗುತ್ತದೆ ಎಂದು ನೋಡಿ ಹೇಳುವಷ್ಟು ಕಾಲ ಇನ್ನೂ ಆಗಿಲ್ಲ.

ನಮ್ಮಲ್ಲಿ ನಿಷೇಧ ಹೇಗೆ ಬಂತು?

ಕರ್ನಾಟಕ ಸರ್ಕಾರ 2016ರ ಜೂನ್ ತಿಂಗಳಲ್ಲೇ ಇ-ಸಿಗರೇಟಿನ ತಯಾರಿಕೆ, ಮಾರಾಟ ನಿಷೇಧಿಸಿತು. ಇಡೀ ದೇಶಕ್ಕೆ ನಿಷೇಧ ಬಂದದ್ದು 2019ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪೂರ್ತಿ ನಿಷೇಧ ಬೇಕು ಎಂದು ವರದಿ ಕೊಟ್ಟಿತು. ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು. ಇದನ್ನು ಪ್ರಕಟಿಸಿದವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಡಿಸೆಂಬರ್‌ನಲ್ಲಿ ಅದು ಸಂಸತ್ತಿನಲ್ಲಿ ಪಾಸಾಗಿ ಕಾಯ್ದೆ ಆಯಿತು.

ಕಾಯ್ದೆ ಹೇಳುವುದು ಇಷ್ಟು:

* ಇ-ಸಿಗರೇಟು ತಯಾರಿಸುವುದು, ಹೊರದೇಶದಿಂದ ತರಿಸುವುದು, ಸಾಗಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲ ಅಪರಾಧ. ಆನ್‌ಲೈನ್ ಮಾರಾಟವೂ ಅಪರಾಧ.
* ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.
* ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.
* ಮಾಲು ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಆದರೂ ಕಳ್ಳದಾರಿಯಲ್ಲಿ ಪಟ್ಟಣಗಳಲ್ಲಿ ಇದು ಸಿಗುತ್ತದೆ. ಹಾಗೆ ಸಿಗುವ ವಸ್ತುವಿನೊಳಗೆ ಏನು ತುಂಬಿದ್ದಾರೆ ಎಂದು ಯಾರೂ ಪರೀಕ್ಷೆ ಮಾಡಿರುವುದಿಲ್ಲ ಎಂಬುದನ್ನು ನೆನಪಿಡಿ.

ನಿಷೇಧ ಬೇಡ ಎನ್ನುವವರ ಮಾತು ಏನು?

ಈ ನಿಷೇಧವನ್ನು ಎಲ್ಲರೂ ಒಪ್ಪಿಲ್ಲ. ಇ-ಸಿಗರೇಟು ಬಳಸುವವರ ಸಂಘಟನೆ ಅಸೋಸಿಯೇಷನ್ ಆಫ್ ವೇಪರ್ಸ್ ಇಂಡಿಯಾ ಇದರ ವಿರುದ್ಧ ಮಾತಾಡುತ್ತಾ ಬಂದಿದೆ. ಅವರ ಮಾತನ್ನು ಕೇಳದೆ ತಳ್ಳಿಹಾಕುವುದು ಸರಿ ಅಲ್ಲ. ಅದರಲ್ಲಿ ಮೂರು ಮುಖ್ಯ ಮಾತುಗಳಿವೆ.

ಮೊದಲನೆಯದು: "ಹೆಚ್ಚು ಕೊಲ್ಲುವ ಬೀಡಿ, ಸಿಗರೇಟು ಪ್ರತಿ ಅಂಗಡಿಯಲ್ಲಿ ಸಿಗುತ್ತದೆ. ಕಡಿಮೆ ಹಾನಿಯದ್ದನ್ನು ಮಾತ್ರ ಯಾಕೆ ಬಂದ್ ಮಾಡಿದಿರಿ?" ಈ ಪ್ರಶ್ನೆಯಲ್ಲಿ ತೂಕ ಇದೆ. ನಿಷೇಧ ಪ್ರಕಟವಾದ ದಿನ ಸಿಗರೇಟು ಕಂಪನಿಗಳ ಷೇರಿನ ಬೆಲೆ ಏರಿತು. ಸಿಗರೇಟು ಮಾಡುವ ಐ.ಟಿ.ಸಿ. ಕಂಪನಿಯಲ್ಲಿ ಸರ್ಕಾರಿ ವಿಮಾ ಸಂಸ್ಥೆ ಎಲ್.ಐ.ಸಿ.ಯ ದೊಡ್ಡ ಪಾಲಿದೆ. ಹೀಗಿರುವಾಗ ಜನ ಕೇಳುವುದು ಸಹಜ. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಬೀಡಿ, ಸಿಗರೇಟು, ತಂಬಾಕಿನ ಮೇಲೆ ಇನ್ನೂ ಬಿಗಿ ಮಾಡುವುದು. ಇನ್ನೊಂದು ವಿಷಕ್ಕೂ ಬಾಗಿಲು ತೆರೆಯುವುದು ಅಲ್ಲ.

ಎರಡನೆಯದು: "ಬೇರೆ ದೇಶಗಳಲ್ಲಿ ಸಿಗರೇಟು ಬಿಡಿಸಲು ಇದನ್ನು ಕೊಡುತ್ತಾರೆ." ಇದೂ ನಿಜ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಹಾನಿಕರ ಎಂದಿತು. ಆ ಲೆಕ್ಕವನ್ನು ಒಪ್ಪದ ತಜ್ಞರೂ ಇದ್ದಾರೆ. 2023ರಲ್ಲಿ ಹತ್ತು ಲಕ್ಷ ಸೇದುವವರಿಗೆ ಸಿಗರೇಟಿನ ಬದಲು ಇದನ್ನು ಕೊಡುವ ಯೋಜನೆಯನ್ನೂ ಅಲ್ಲಿ ಪ್ರಕಟಿಸಿದರು. ಕಾಕ್ರೇನ್ ಎಂಬ ಸಂಸ್ಥೆಯ ತಜ್ಞರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದಾರೆ. ನಿಕೋಟಿನ್ ಗಮ್, ಪಟ್ಟಿ ಬಳಸಿದ ನೂರು ಮಂದಿಯಲ್ಲಿ ಸುಮಾರು ಆರು ಮಂದಿ ಸಿಗರೇಟು ಬಿಟ್ಟರೆ, ಇ-ಸಿಗರೇಟು ಬಳಸಿದವರಲ್ಲಿ ಎಂಟರಿಂದ ಹತ್ತು ಮಂದಿ ಬಿಡುತ್ತಾರೆ ಎಂದು ಅವರು ಹೇಳುತ್ತಾರೆ.

ಇದನ್ನೂ ನೋಡಿ. ಅದೇ ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ಇ-ಸಿಗರೇಟುಗಳನ್ನು ಬಂದ್ ಮಾಡಿತು. ಮಕ್ಕಳ ಕೈಗೆ ಸಿಗುತ್ತಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದಂತೆ 34 ದೇಶಗಳು ಇದರ ಮಾರಾಟವನ್ನೇ ನಿಷೇಧಿಸಿವೆ.

ನಮ್ಮ ದೇಶದ ಸ್ಥಿತಿಯೂ ಬೇರೆ. ಅಲ್ಲಿಯವರು ಮುಖ್ಯವಾಗಿ ಸೇದುವವರು, ನಮ್ಮವರು ಮುಖ್ಯವಾಗಿ ಅಗಿಯುವವರು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು 11 ಮಂದಿ ಸೇದುತ್ತಾರೆ, 21 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ನಮ್ಮ ಕರ್ನಾಟಕದಲ್ಲಿ ಸೇದುವವರು ಸುಮಾರು 9, ಅಗಿಯುವವರು ಮತ್ತು ಹಚ್ಚುವವರು 16. ಇ-ಸಿಗರೇಟು ಹೊಗೆಯ ಬದಲಿಗೆ ಬಂದ ವಸ್ತು. ಕವಳದ ಜೊತೆ ತಂಬಾಕು ಹಾಕುವ ಅವ್ವನಿಗೆ, ಗುಟಕಾ ತಿನ್ನುವ ತಮ್ಮನಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಮೂರನೆಯದು: "ನಿಷೇಧ ಮಾಡಿದರೆ ಕಳ್ಳವ್ಯಾಪಾರ ಬೆಳೆಯುತ್ತದೆ." ಇದು ನಮಗೂ ಗೊತ್ತಿರುವ ಸತ್ಯ. ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟಕಾ ನಿಷೇಧ ಆಯಿತು. ಆಮೇಲೆ ಏನಾಯಿತು? ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಎರಡನ್ನೂ ಕೈಯಾಗ ಕೂಡಿಸಿಕೊಂಡರ ಅದೇ ಗುಟಕಾ! ಕಾಗದದ ಮೇಲಿನ ನಿಷೇಧ ಮನೆಯೊಳಗೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಯ್ದೆಯ ಜೊತೆಗೆ ತಿಳುವಳಿಕೆ ಬೇಕು, ಚಟ ಬಿಡುವವರಿಗೆ ಕೈಹಿಡಿಯುವವರು ಬೇಕು.

ಒಟ್ಟಿನಲ್ಲಿ ನಾವು ಹೇಳುವುದು ಇಷ್ಟೇ. ಮಕ್ಕಳನ್ನು ಕಾಯಲು ಈ ನಿಷೇಧ ಇರಲಿ. ಆದರೆ ಸರ್ಕಾರ ಒಂದನ್ನು ಬಂದ್ ಮಾಡಿತು ಎಂದರೆ ಉಳಿದದ್ದು ಒಳ್ಳೆಯದು ಎಂದು ಅರ್ಥ ಅಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಸುರಕ್ಷಿತ ಅಲ್ಲ.

ನಮ್ಮ ಮನೆಯ ಲೆಕ್ಕ

ಭಾರತದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಮಂದಿ ತಂಬಾಕಿನಿಂದ ಸಾಯುತ್ತಾರೆ. ಇವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಾಯ್ದೆ ಒಪ್ಪಿದ, ಪರವಾನಗಿ ಇರುವ, ಕಿರಾಣಿ ಅಂಗಡಿಯಲ್ಲಿ ಮಕ್ಕಳ ಬಿಸ್ಕೀಟಿನ ಪಕ್ಕ ತೂಗುಹಾಕಿದ ವಸ್ತು.

ಇದು ಗಂಡಸರ ಮಾತು ಮಾತ್ರ ಅಲ್ಲ. ಅದೇ ಸಮೀಕ್ಷೆಯಲ್ಲಿ ಭಾರತದ ಹೆಂಗಸರಲ್ಲಿ ಸೇದುವವರು ನೂರಕ್ಕೆ ಇಬ್ಬರು, ಹೊಗೆಯಿಲ್ಲದ ತಂಬಾಕು ಬಳಸುವವರು ಸುಮಾರು 13 ಮಂದಿ. ಹಲ್ಲುನೋವಿಗೆ ಅಂತ ಶುರುಮಾಡಿದ ಮಿಶ್ರಿ, ಹೊಲದ ಕೆಲಸದ ಹಸಿವು ಮರೆಯಲು ಅಂತ ಹಾಕಿದ ತಂಬಾಕು-ಸುಣ್ಣ, ಊಟ ಆದ ಮೇಲಿನ ಎಲಿ-ಅಡಿಕಿ ಜೊತೆ ಒಂದು ಚಿಟಿಕೆ. "ಇದು ಚಟ ಅಲ್ಲ ಬಿಡ್ರಿ, ರೂಢಿ" ಎನ್ನುತ್ತೇವೆ. ಬಾಯಿಯ ಕ್ಯಾನ್ಸರಿಗೆ ಚಟ, ರೂಢಿ ಎರಡೂ ಒಂದೇ. ಮಗನಿಗೆ ವೇಪ್ ಬಿಡು ಎಂದು ಹೇಳುವ ತಾಯಿಯ ಉಡಿಯಲ್ಲಿ ತಂಬಾಕಿನ ಚೀಲ ಇದ್ದರೆ ಮಗ ಕೇಳುತ್ತಾನೆಯೇ?

ಹಣದ ಲೆಕ್ಕವನ್ನೂ ಹಾಕಿ ನೋಡೋಣ. ಮನೆಯಲ್ಲಿ ಒಬ್ಬರು ದಿನಕ್ಕೆ 20 ರೂಪಾಯಿ ಗುಟಕಾ, ಬೀಡಿಗೆ ಹಾಕಿದರೆ ತಿಂಗಳಿಗೆ 600, ವರ್ಷಕ್ಕೆ 7,300 ರೂಪಾಯಿ. ಸಂಘದಲ್ಲಿ ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಟುವ ಸದಸ್ಯೆಯದು ವರ್ಷಕ್ಕೆ 2,600 ರೂಪಾಯಿ. ಅಂದರೆ ಅವ್ವ ಮೂರು ವರ್ಷ ಕೂಡಿಟ್ಟದ್ದಕ್ಕೆ ಹತ್ತಿರ ಹತ್ತಿರ ಮನೆಯವರು ಒಂದೇ ವರ್ಷದಲ್ಲಿ ಉಗುಳಿಬಿಡುತ್ತಾರೆ. ಕ್ಯಾನ್ಸರ್ ಬಂದು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಓಡಾಡುವ ಖರ್ಚು, ಕಳೆದ ಕೂಲಿ ಇದರಲ್ಲಿ ಸೇರಿಲ್ಲ.

ಬಿಡಲು ದಾರಿ ಇದೆ

ಚಟ ಬಿಡಲು ಇನ್ನೊಂದು ಚಟ ಬೇಕಿಲ್ಲ. ನಮ್ಮಲ್ಲಿ ಸಿಗುವ ದಾರಿಗಳು ಇವು:

1. ಫೋನ್ ಮಾಡಿ. ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356. ಬೀಡಿ, ಸಿಗರೇಟು, ತಂಬಾಕಿನ ಪೊಟ್ಟಣದ ಮೇಲೆಯೇ ಈ ನಂಬರು ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಒಂದು ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲಿಗೆ ಸಲಹೆಯ ಸಂದೇಶಗಳು ಬರುತ್ತವೆ.

2. ವೈದ್ಯರನ್ನು ಕೇಳಿ. ಬಹಳ ವರ್ಷದ ಚಟ ಇದ್ದವರಿಗೆ ನಿಕೋಟಿನ್ ಗಮ್, ಗುಳಿಗೆ ಸಹಾಯ ಮಾಡುತ್ತವೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ.

3. ಬಯಕೆಯನ್ನು ದಾಟಿಸಿ. ಬೇಕು ಎಂಬ ಬಯಕೆ ಬಂದರೆ ಅದು ಕೆಲವೇ ನಿಮಿಷ ಜೋರಾಗಿರುತ್ತದೆ. ಅಷ್ಟು ಹೊತ್ತು ಮುಂದೂಡಿ, ನೀರು ಕುಡಿಯಿರಿ, ದೀರ್ಘವಾಗಿ ಉಸಿರಾಡಿ, ಕೈಗೆ ಒಂದು ಕೆಲಸ ಹಚ್ಚಿ. ಬಾಯಿಗೆ ಬಡೇಸೋಪು, ಲವಂಗ, ಒಣಗಿಸಿದ ನೆಲ್ಲಿಕಾಯಿ ಹಾಕಿಕೊಳ್ಳಿ. ಅಡಿಕೆ ಬೇಡ, ಅದೂ ಬಾಯಿಗೆ ಕೆಟ್ಟದ್ದೇ.

4. ಬಾಯಿ ನೋಡಿಕೊಳ್ಳಿ. ಕನ್ನಡಿ ಮುಂದೆ ನಿಂತು ತಿಂಗಳಿಗೊಮ್ಮೆ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯದಿರುವುದು, ಖಾರ ತಿಂದರೆ ಉರಿ, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೇಗ ಗುರುತಿಸಿದರೆ ವಾಸಿಯಾಗುವ ಸಾಧ್ಯತೆ ಬಹಳ ಹೆಚ್ಚು.

ಒಮ್ಮೆ ಬಿಟ್ಟು ಮತ್ತೆ ಶುರು ಮಾಡಿದರೆ ನಾಚಿಕೆ ಬೇಡ. ಎರಡು, ಮೂರು ಸಲ ಬಿಟ್ಟ ಮೇಲೆ ಪೂರ್ತಿ ಬಿಟ್ಟವರೇ ಹೆಚ್ಚು. ಸೇದುವುದು ಬಿಟ್ಟು ಒಂದು ವರ್ಷವಾದರೆ ಹೃದಯದ ಕಾಯಿಲೆಯ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಗನ ಹತ್ತಿರ ಇ-ಸಿಗರೇಟು ಸಿಕ್ಕರೆ?

ಮೊದಲು ಹೊಡೆಯುವುದು, ಓಣಿಗೆಲ್ಲ ಕೇಳುವಂತೆ ಬೈಯುವುದು ಬೇಡ. ಮರ್ಯಾದೆ ಹೋದ ಹುಡುಗ ಮುಚ್ಚಿಟ್ಟು ಎಳೆಯುತ್ತಾನೆ, ಅಷ್ಟೇ. ಕೂಡಿಸಿಕೊಂಡು ಕೇಳಿ: "ಯಾವಾಗಿಂದ ಶುರು ಮಾಡಿದಿ? ದಿನಾ ಬೇಕಾಗತೈತೇನು? ಎಲ್ಲಿಂದ ತಂದಿ?" ಮುಂಚೆ ಏನೂ ಸೇದದವನಾದರೆ ಇದು ಹೊಸ ಚಟ, ಈಗಲೇ ನಿಲ್ಲಿಸುವುದು ಸುಲಭ ಎಂದು ಹೇಳಿ. "ಬೀಡಿ ಬಿಡಲಿಕ್ಕೆ ಹಚ್ಚಿಕೊಂಡೀನಿ" ಎಂದರೆ ಅವನ ಮನಸ್ಸಿನಲ್ಲಿ ಬಿಡುವ ಆಸೆ ಇದೆ ಎಂದು ಅರ್ಥ. ಆ ಆಸೆಯನ್ನು ಹಿಡಿದುಕೊಳ್ಳಿ. ಮೇಲಿನ ಸಹಾಯವಾಣಿಗೆ ಜೊತೆಗೆ ಕೂತು ಫೋನ್ ಮಾಡಿಸಿ. ಅವನಿಂದ ಇದನ್ನು ಕಸಿದುಕೊಂಡು, ಅವನು ಮತ್ತೆ ಬೀಡಿಗೆ ಹೋದರೆ ನಾವು ಗೆದ್ದಂತೆ ಆಗುವುದಿಲ್ಲ.

ಮನೆಯಲ್ಲಿ ಕೂಸುಗಳಿದ್ದರೆ ಇನ್ನೊಂದು ಎಚ್ಚರ. ಆ ದ್ರವ ಸಣ್ಣ ಮಕ್ಕಳಿಗೆ ವಿಷ. ಬಣ್ಣ, ಸಿಹಿ ವಾಸನೆ ನೋಡಿ ಬಾಯಿಗೆ ಹಾಕಿಕೊಳ್ಳುತ್ತವೆ. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಅದನ್ನು ಒಲೆಗೂ ಹಾಕಬೇಡಿ, ಒಳಗಿನ ಬ್ಯಾಟರಿ ಸಿಡಿಯಬಹುದು.

ಸಂಘ ಏನು ಮಾಡಬಹುದು?

ಸಿಗರೇಟು, ತಂಬಾಕಿನ ಮೇಲೆ 2003ರ ಕೇಂದ್ರ ಕಾಯ್ದೆ ಇದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ಮಾಡಿ, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕ ಮೇಲೆ ಜಾರಿಗೆ ತಂದಿತು. ಈಗ ನಮ್ಮ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ವಸ್ತು ಮಾರುವಂತಿಲ್ಲ. ಶಾಲೆಯ ಸುತ್ತ ನೂರು ಮೀಟರ್ ಒಳಗೂ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಈ ಕಾಯ್ದೆ ನಿಮ್ಮ ಊರಿನ ಶಾಲೆಯ ಮುಂದೆ ನಡೆಯುತ್ತಿದೆಯೇ? ನೋಡಿ. ನಡೆಯದಿದ್ದರೆ ಮೊದಲು ಅಂಗಡಿಯವರಿಗೆ ತಿಳಿಸಿ ಹೇಳಿ. ಅವರೂ ನಮ್ಮವರೇ. ಕೇಳದಿದ್ದರೆ ಶಾಲಾ ಮೇಲುಸ್ತುವಾರಿ ಸಮಿತಿ, ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆಗೆ ಸಂಘದ ಠರಾವಿನ ಜೊತೆ ಅರ್ಜಿ ಕೊಡಿ. ಒಬ್ಬ ಹೆಣ್ಣುಮಗಳ ಮಾತು ತೇಲಿಸಬಹುದು, ಇಪ್ಪತ್ತು ಮಂದಿಯ ಸಹಿ ತೇಲಿಸಲು ಆಗುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಲು

* ನಮ್ಮ ಸಂಘದಲ್ಲಿ ತಂಬಾಕು, ಮಿಶ್ರಿ ಬಳಸುವವರು ಎಷ್ಟು ಮಂದಿ? ಬಿಡಲು ಮನಸ್ಸಿರುವವರು ಯಾರು? ಅವರಿಗೆ ಜೊತೆಯಾಗುವ ಗೆಳತಿ ಯಾರು?
* ನಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಬೀಡಿ, ಗುಟಕಾ, ತಂಬಾಕಿಗೆ ಎಷ್ಟು ಹೋಗುತ್ತದೆ? ಪಾಸ್‌ಬುಕ್ಕಿನ ಪಕ್ಕ ಬರೆದು ನೋಡಿ.
* "ಬರೇ ಉಗಿ" ಎಂದು ಹೇಳುವ ಹುಡುಗನಿಗೆ ನಾವು ಏನು ಉತ್ತರ ಕೊಡುತ್ತೇವೆ?
* "ಬೀಡಿ ಬಂದ್ ಮಾಡಿಲ್ಲ, ಅದಕ್ಕೇ ಅದು ಒಳ್ಳೇದು" ಎನ್ನುವ ಮನೆಯ ಹಿರಿಯರಿಗೆ ಏನು ಉತ್ತರ?
* ಶಾಲೆಯ ಸುತ್ತಲಿನ ಅಂಗಡಿಗಳನ್ನು ನೋಡಿ ಬರುವವರು ಯಾರು ಯಾರು?

ಓದಲು ಬರುವ ಸದಸ್ಯೆಯರು ಈ ಹಾಳೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಸಹಾಯವಾಣಿಯ ನಂಬರನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿ. ನಿಮ್ಮ ಸಂಘದಲ್ಲಿ ಯಾರಾದರೂ ತಂಬಾಕು ಬಿಟ್ಟರೆ ಕಾರ್ಯಕರ್ತೆಯ ಮೂಲಕ ನಮಗೆ ತಿಳಿಸಿ.